ಕೋಮಲಾ ಮಿಸ್ ಬರೆಯದೆ ಬಿಟ್ಟ ಕಾಲಮ್ಮು

ಅಜ್ಜಂಪುರದ ಆ ಶಾಲೆಯ ಮೇಷ್ಟ್ರುಗಳೆಲ್ಲರ ಪಾಠ ಯೋಜನೆ ಪುಸ್ತಕದಲ್ಲಿ ಕೊನೆಯ ಕಾಲಮ್ಮು ತುಂಬಿತ್ತು, ಗಣಿತದ ಕೋಮಲಾ ಮಿಸ್ಸಿನದೊಂದು ಬಿಟ್ಟು. ತಮಾಷೆಯೆಂದರೆ, ಆ ಸ್ಟಾಫ್ ರೂಮಿನಲ್ಲಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದವರು ಅವರೊಬ್ಬರೇ.

ಆ ಕಾಲಮ್ಮು ಹುಟ್ಟಿದ್ದು ಜೂನ್ ತಿಂಗಳಲ್ಲಿ. ಶಾಲೆ ನಡೆಸುವ ಕ್ರೈಸ್ತ ಆಡಳಿತ ಮಂಡಳಿಯ ಆಫೀಸು ಕಡೂರಿನಲ್ಲಿ. ಅಲ್ಲಿಂದ ಸುತ್ತೋಲೆ ಬಂತು. ದೇವರ ಮಾತು ಬೆಳಗಿನ ಪ್ರಾರ್ಥನೆಗೇ ಮುಗಿಯಬಾರದು. ಗಣಿತ, ವಿಜ್ಞಾನ, ಸಮಾಜ, ಭಾಷೆ, ಎಲ್ಲ ಪಾಠದೊಳಗೂ ಕ್ರೈಸ್ತ ನಂಬಿಕೆ ಬೆರೆಯಬೇಕು. ಹೇಗೆ ಬೆರೆಸಿದಿರಿ ಎಂಬುದನ್ನು ಪ್ರತಿ ಪಾಠದ ಪಕ್ಕದಲ್ಲಿ 'ನಂಬಿಕೆಯ ಅನ್ವಯ' ಎಂಬ ಕಾಲಮ್ಮಿನಲ್ಲಿ ಬರೆಯಬೇಕು. ಓದುವ ಮಕ್ಕಳಲ್ಲಿ ಮುಕ್ಕಾಲು ಪಾಲು ಸುತ್ತಲ ಹಳ್ಳಿಯ ಒಕ್ಕಲು ಮಕ್ಕಳು, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಇಟ್ಟುಕೊಂಡು ಬರುವವರು. ಯಾರ ಮನೆಯಿಂದಲೂ ತಕರಾರು ಬರದಂತೆ ನೋಡಿಕೊಳ್ಳಿ ಎಂಬ ಮಾತೂ ಕೊನೆಯಲ್ಲಿತ್ತು. ಬರೆದವರಿಗೇನು, ಬರೆದರು. ಮಾಡಬೇಕಾದವರು ತಲೆ ಕೆರೆದುಕೊಂಡರು.

ವಿಜ್ಞಾನದ ಸಿದ್ದೇಶ್ ಮೇಷ್ಟ್ರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 'ಇದನ್ನೂ ದೇವರೇ ಸೃಷ್ಟಿಸಿದರು' ಎಂಬ ಒಂದು ಸಾಲು ಹಿಡಿದುಕೊಂಡರು. ಅದನ್ನು ಬೆಳಕಿಗೂ ಬರೆದರು, ವಿದ್ಯುತ್ತಿಗೂ ಬರೆದರು, ಆಮ್ಲಕ್ಕೂ ಬರೆದರು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ನವೆಂಬರಿನಲ್ಲಿ ಹೆಡ್‌ಮಾಸ್ಟರು ಬೆನಕಪ್ಪನವರು ಕೋಮಲಾ ಮಿಸ್ಸನ್ನು ಕರೆಸಿದರು.

"ಏನಮ್ಮಾ, ನಾನು ವೀರಭದ್ರನ ಒಕ್ಕಲು. ನಂದೇ ಕಾಲಮ್ಮು ತುಂಬೈತೆ, ನಿಮ್ದು ಐದು ತಿಂಗಳಿಂದ ಖಾಲಿ. ಕಡೂರಿನೋರು ನೋಡಿದ್ರೆ ನಗಾಡಲ್ವಾ?"

"ಬರೆಯೋದಕ್ಕೇನು ಸಾರ್, ಬೇಕಾದಷ್ಟು ಬೈಬಲ್ ವಾಕ್ಯ ಬಾಯಿಪಾಠ ಐತೆ. ಲೆಕ್ಕದ ಪಕ್ಕ ತಂದು ಅಂಟಿಸಿಬಿಟ್ರೆ ನಂಬಿಕೆ ಆಗ್ಬಿಡುತ್ತಾ? ನಿಜವಾಗ್ಲೂ ಏನಾದ್ರೂ ಮಾಡಿದ ದಿನ ಬರೀತೀನಿ."

"ಹಂಗಾದ್ರೆ ಖಾಯಂ ಆಗೋ ಆಸೆ ಬಿಡಿ," ಎಂದರು ಬೆನಕಪ್ಪನವರು. ಅವರಿಗೆ ಕೋಮಲಾ ಮಿಸ್ಸಿನ ಮೇಲೆ ಮಮತೆಯಿತ್ತು, ಅದಕ್ಕೇ ಅಷ್ಟು ಸಿಟ್ಟು.

ಆ ಆಸೆ ಬಿಡುವುದು ಅಷ್ಟು ಸುಲಭವಿರಲಿಲ್ಲ. ಕೋಮಲಾ ತರೀಕೆರೆಯವರು. ಲಕ್ಕವಳ್ಳಿ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದ ತಂದೆ ಬೇಗ ತೀರಿಕೊಂಡ ಮೇಲೆ, ತಾಯಿ ವಿಮಲಮ್ಮ ರವಿಕೆ ಹೊಲಿದು ಮಗಳನ್ನು ಬಿ.ಎಡ್. ತನಕ ಓದಿಸಿದರು. ವಿಮಲಮ್ಮ ಎಂಥ ಹೆಂಗಸೆಂದರೆ, ಹೊಲಿದು ಉಳಿದ ತುಂಡು ಬಟ್ಟೆಯನ್ನು ಅಂಗೈಯಗಲವಿದ್ದರೂ ಮಡಚಿ ರವಿಕೆಯೊಳಗಿಟ್ಟು ವಾಪಸ್ಸು ಕೊಡುತ್ತಿದ್ದರು. ಮಗಳಿಗೆ ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಕೂಡಿ ಬರಲಿಲ್ಲ. ಮೂರನೆಯ ಸಲಕ್ಕೆ ಮಗಳೇ ಸಾಕು ಎಂದರು. ಬೆಳಗಿನ ಬಸ್ಸಿಗೆ ಅಜ್ಜಂಪುರಕ್ಕೆ ಹೋಗುವುದು, ಸಂಜೆಯ ಬಸ್ಸಿಗೆ ತರೀಕೆರೆಗೆ ಬರುವುದು, ಹೀಗೇ ಹದಿನಾಲ್ಕು ವರ್ಷ ಕಳೆಯಿತು. ಆ ಹದಿನಾಲ್ಕು ವರ್ಷವೂ ಮೇ ತಿಂಗಳಲ್ಲಿ 'ದಯವಿಟ್ಟು ನನ್ನನ್ನು ಮುಂದುವರಿಸಬೇಕು' ಎಂದು ಅರ್ಜಿ ಬರೆದುಕೊಡಬೇಕಿತ್ತು. ನಲವತ್ತನಾಲ್ಕರ ಹೆಂಗಸು, ತನ್ನಲ್ಲಿ ಓದಿದವರ ಮಕ್ಕಳಿಗೇ ಇನ್ನೇನು ಪಾಠ ಹೇಳಬೇಕಾದವರು, ವರ್ಷವರ್ಷವೂ ಕೈ ಮುಗಿಯುವುದೆಂದರೆ ಸಣ್ಣ ಸಂಕಟವಲ್ಲ. ಈ ಸಲ ಒಂದೇ ಒಂದು ಖಾಯಂ ಹುದ್ದೆ ಇತ್ತು. ಅದು ಸಿದ್ದೇಶ್ ಮೇಷ್ಟ್ರಿಗೋ ಕೋಮಲಾ ಮಿಸ್ಸಿಗೋ ಎಂಬುದನ್ನು ಮಂಡಳಿಯವರು ಬಂದು, ಒಂದೊಂದು ಪಾಠ ಕೇಳಿ, ಪಾಠ ಯೋಜನೆ ಪುಸ್ತಕ ನೋಡಿ ತೀರ್ಮಾನಿಸುವುದೆಂದಾಯಿತು.

ಯಾರಾದರೂ ನೋಡಲು ಬರುತ್ತಾರೆಂದರೆ ಆ ಶಾಲೆಯಲ್ಲೊಂದು ರೂಢಿಯಿತ್ತು. ಮೇಷ್ಟ್ರು ಪ್ರಶ್ನೆ ಕೇಳಿದ ಕೂಡಲೇ ಇಡೀ ಕ್ಲಾಸು ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಂದವರಿಗೆ ಕಾಣುವುದು ಕೈಗಳ ಕಾಡು. ಮೇಷ್ಟ್ರು ಬಲಗೈಯವರನ್ನು ಮಾತ್ರ ಎಬ್ಬಿಸಿ ಕೇಳುತ್ತಾರೆ. ಎಲ್ಲರಿಗೂ ಭೇಷ್. ಇದನ್ನು ಈ ಶಾಲೆಗೆ ತಂದವರು ಬೇರೆ ಯಾರೂ ಅಲ್ಲ, ಕೋಮಲಾ ಮಿಸ್ಸೇ. ಮೊದಲ ವರ್ಷದ ಇನ್‌ಸ್ಪೆಕ್ಷನ್ನಿಗೆ ಹೆದರಿ ಹೇಳಿಕೊಟ್ಟಿದ್ದರು. ಆಮೇಲೆ ಎಲ್ಲ ಮೇಷ್ಟ್ರುಗಳೂ ಅದನ್ನು ಹಿಡಿದರು.

ಮಂಡಳಿಯವರು ಬರುವ ಹಿಂದಿನ ದಿನ ಮಿಸ್ ಹತ್ತನೇ ಕ್ಲಾಸಿನಲ್ಲಿ ವರ್ಗ ಸಮೀಕರಣದ ಒಂದು ಲೆಕ್ಕ ಹಾಕಿ, ಯಾರು ಮಾಡುತ್ತೀರಿ ಎಂದು ಸುಮ್ಮನೆ ಕೇಳಿದರು. ಆವತ್ತು ನೋಡುವವರು ಯಾರೂ ಇರಲಿಲ್ಲ. ಆದರೂ ದನ ಮೇಯುವ ಕಾವಲಿನ ಕಡೆಯ ಹಳ್ಳಿಯಿಂದ ಬರುವ ಯಶೋಧರಾ ಎಂಬ ಹುಡುಗಿ ಎಡಗೈ ಎತ್ತಿ ಕೂತಿದ್ದಳು.

"ಇವತ್ತು ಯಾರೂ ಬಂದಿಲ್ವಲ್ಲಮ್ಮ. ಎಡಗೈ ಯಾಕೆ?"

ಹುಡುಗಿ ತಲೆ ತಗ್ಗಿಸಿ ಹೇಳಿದಳು. "ಎಡಗೈ ಎತ್ತಿದ್ರೆ ನೀವು ನನ್ನ ಕೇಳಲ್ಲ ಅಂತ, ಮಿಸ್. ಯಾವಾಗ್ಲೂ ಹಿಂಗೇ ಎತ್ತೋದು."

"ಎಷ್ಟು ದಿನದಿಂದ?"

"ಎಂಟನೇ ಕ್ಲಾಸಿಂದ."

ಮಿಸ್ ಅವಳ ಪಕ್ಕ ಕೂತು ನೋಟ್ಸು ತೆಗೆಸಿ ನೋಡಿದರು. ಸಮೀಕರಣದ ಮಾತು ಹಾಗಿರಲಿ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸುವುದೇ ಹುಡುಗಿಗೆ ಬರುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲೇ ದಾರಿ ತಪ್ಪಿ, ಮೂರು ವರ್ಷ ಎಡಗೈಯ ಹಿಂದೆ ಅಡಗಿ ಕೂತಿದ್ದಳು. ಬೋರ್ಡಿನ ಮೇಲಿದ್ದುದನ್ನೆಲ್ಲ ನೋಟ್ಸಿಗೆ ಇಳಿಸಿಕೊಂಡು ಬಂದಿದ್ದಳು. ಮಿಸ್ಸಿಗೆ ಮುಖವೆತ್ತಿ ನೋಡಲಾರದಷ್ಟು ನಾಚಿಕೆಯಾಯಿತು. ಸಂಜೆ ತರೀಕೆರೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಒಂದೇ ಯೋಚನೆ: ಪಾಠದಲ್ಲಿ ದೇವರನ್ನು ಎಲ್ಲಿ ಸೇರಿಸುವುದು ಎಂದು ಐದು ತಿಂಗಳು ಹುಡುಕಿದೆನಲ್ಲ, ಸುಳ್ಳನ್ನು ಎಲ್ಲಿ ಸೇರಿಸಿದ್ದೇನೆ ಎಂದು ಒಂದು ದಿನವಾದರೂ ನೋಡಿದೆನೇ? ಬಸ್ಸಿಳಿಯುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು. ಹುದ್ದೆ ಹೋದರೆ ಹೋಗಲಿ.

ಮರುದಿನ ಕಡೂರಿನಿಂದ ಪ್ರಭುದಾಸ್ ಅಯ್ಯನವರು ಬಂದರು. ಚರ್ಚಿನ ಪಾದ್ರಿ, ಮಂಡಳಿಯ ಪರವಾಗಿ ಶಾಲೆ ನೋಡಿಕೊಳ್ಳುವ ಕರೆಸ್ಪಾಂಡೆಂಟೂ ಹೌದು. ಜೊತೆಗೆ ಮಂಡಳಿಯ ಇಬ್ಬರು ಸದಸ್ಯರು. ಬೆಳಿಗ್ಗೆ ಸಿದ್ದೇಶ್ ಮೇಷ್ಟ್ರ ಪಾಠ. ಕೇಳಿದ ಪ್ರತಿ ಪ್ರಶ್ನೆಗೂ ನಲವತ್ತು ಕೈ ಮೇಲೆದ್ದವು. ಅಯ್ಯನವರು ಖುಷಿಯಿಂದ ತಲೆದೂಗಿದರು.

ಮಧ್ಯಾಹ್ನ ಕೋಮಲಾ ಮಿಸ್ಸಿನ ಸರದಿ. ಬೋರ್ಡಿಗೆ ಹೋಗುವ ಮೊದಲೇ ಅವರು ಮಕ್ಕಳ ಕಡೆ ತಿರುಗಿ ನಿಂತರು.

"ಗೊತ್ತಿಲ್ಲದೋರು ಎಡಗೈ ಎತ್ತಿ ಅಂತ ನಿಮಗೆ ಹೇಳಿಕೊಟ್ಟೋಳು ನಾನು. ಅದು ಸುಳ್ಳು. ತಪ್ಪು ನಂದು, ನಿಮ್ದಲ್ಲ. ಇವತ್ತಿಂದ ಗೊತ್ತಿದ್ರೆ ಮಾತ್ರ ಕೈ ಎತ್ತಿ. ಗೊತ್ತಿಲ್ಲ ಅಂದೋರಿಗೆ ನಾನು ಬಯ್ಯಲ್ಲ."

ಆಮೇಲೆ ಲೆಕ್ಕ ಹಾಕಿದರು. ಎದ್ದ ಕೈ ನಾಲ್ಕು. ಹಿಂದಿನ ಬೆಂಚಿನಲ್ಲಿದ್ದ ಸದಸ್ಯರೊಬ್ಬರು ಹುಬ್ಬು ಗಂಟಿಕ್ಕಿದರು. ಬಾಗಿಲಲ್ಲಿ ನಿಂತಿದ್ದ ಬೆನಕಪ್ಪನವರು ಹಣೆ ಒತ್ತಿಕೊಂಡರು. ಮಿಸ್ ಆ ಲೆಕ್ಕವನ್ನು ಒರೆಸಿ, ಏಳನೇ ಕ್ಲಾಸಿನ ಮೈನಸ್ಸು ಗುಣಾಕಾರದಿಂದ ಶುರು ಮಾಡಿದರು. ಪಾಠಕ್ಕಿದ್ದ ಅರ್ಧ ಗಂಟೆ ಅದರಲ್ಲೇ ಮುಗಿಯಿತು. ಪ್ರದರ್ಶನದ ಪಾಠ ಅಂತ ಕರೆಯುವಂಥದ್ದು ಏನೂ ನಡೆಯಲಿಲ್ಲ.

ಹೊರಗೆ ಬಂದ ಕೂಡಲೇ ಸಿದ್ದೇಶ್ ಮೇಷ್ಟ್ರು ಅಡ್ಡ ನಿಂತರು. ಬೆಳಗಿನ ನಲವತ್ತು ಕೈಗಳ ಗುಟ್ಟು ರಟ್ಟಾಗಿತ್ತಲ್ಲ, ಮುಖ ಕೆಂಡವಾಗಿತ್ತು.

"ನಿಮ್ಮ ತಪ್ಪು ನೀವು ಹೇಳ್ಕೊಳ್ಳಿ ಮೇಡಂ. ನನ್ನ ಮಾನ ಯಾಕೆ ಕಳೆದ್ರಿ?"

ಬಸ್ಸಿನಲ್ಲಿ ಅಷ್ಟೆಲ್ಲ ಯೋಚಿಸಿದ ಕೋಮಲಾ ಮಿಸ್ಸಿಗೆ ಇದೊಂದು ಹೊಳೆದಿರಲಿಲ್ಲ. "ಕ್ಷಮಿಸಿ ಸಿದ್ದೇಶ್ ಸರ್. ನಿಮಗೆ ಮೊದಲೇ ಹೇಳ್ಬೇಕಿತ್ತು," ಎಂದರು. ಮೇಷ್ಟ್ರು ಮಾತು ಬಿಟ್ಟು ಹೊರಟುಹೋದರು.

ಅಯ್ಯನವರು ಮಾತ್ರ ಆಫೀಸಿಗೆ ಕರೆಸಿ, ಬಾಗಿಲು ಓರೆ ಮಾಡಿ, ಮೆತ್ತಗೆ ಮಾತಾಡಿದರು. ಮುಂದೆ ಮಿಸ್ಸಿನ ಪಾಠ ಯೋಜನೆ ಪುಸ್ತಕ ತೆರೆದಿತ್ತು.

"ಕೋಮಲಾ, ನಾನು ನಲವತ್ತು ವರ್ಷದಿಂದ ಚರ್ಚಲ್ಲಿ ಪ್ರಸಂಗ ಮಾಡ್ತಾ ಇದ್ದೀನಿ. ಇವತ್ತು ನೀನು ಮಾಡಿದ್ದು ನನ್ನ ಕೈಲಿ ಆಗ್ತಿತ್ತೋ ಇಲ್ವೋ. ಆದ್ರೆ ಮಂಡಳಿ ನೋಡೋದು ಪುಸ್ತಕ ಕಣಮ್ಮ. ಇವತ್ತೇ ಕೂತು ಜೂನಿನಿಂದ ಇಲ್ಲೀತನಕ ಒಂದೊಂದು ಸಾಲು ತುಂಬಿಸ್ಬಿಡು. ಖಾಯಂ ಮಾಡಿಸೋ ಜವಾಬ್ದಾರಿ ನಂದು."

ಹದಿನಾಲ್ಕು ಅರ್ಜಿಗಳ ಸಂಕಟ ಒಂದು ಗಂಟೆಯ ಬರವಣಿಗೆಯಲ್ಲಿ ತೀರುವಂತಿತ್ತು. ಕೋಮಲಾ ಮಿಸ್ಸಿಗೆ ಆಸೆಯಾಗಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಪೆನ್ನಿನ ಕ್ಯಾಪು ತೆಗೆದದ್ದೂ ಆಯಿತು.

"ಜೂನಲ್ಲಿ ನಾನು ಏನೂ ಮಾಡಿಲ್ಲ ಅಯ್ಯನೋರೆ. ಮಾಡಿದೆ ಅಂತ ಈಗ ಬರೆದ್ರೆ ಅದೂ ಎಡಗೈ ಎತ್ತಿದ ಹಂಗೇ ಅಲ್ವಾ? ಇವತ್ತಿಂದು ಒಂದು ಬರೀತೀನಿ."

ಆವತ್ತಿನ ತಾರೀಕಿನ ಮುಂದೆ ಬರೆದರು: 'ಮಕ್ಕಳ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ಲೆಕ್ಕ ನಾಲ್ಕು ಮಕ್ಕಳಿಗೆ ಮಾತ್ರ ಬರುತ್ತದೆ. ನಾಳೆ ಮತ್ತೆ ಅದೇ ಪಾಠ.' ಅಯ್ಯನವರು ಎರಡು ಸಲ ಓದಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು.

ಡಿಸೆಂಬರಿನಲ್ಲಿ ಖಾಯಂ ಹುದ್ದೆಯ ಆದೇಶ ಬಂತು, ಸಿದ್ದೇಶ್ ಮೇಷ್ಟ್ರ ಹೆಸರಿಗೆ. ಅವರ ಪುಸ್ತಕದಲ್ಲಿ ಒಂದು ಕಾಲಮ್ಮೂ ಖಾಲಿಯಿರಲಿಲ್ಲ. ಬೆನಕಪ್ಪನವರು ಹಂಚಿದ ಪೇಡವನ್ನು ಕೋಮಲಾ ಮಿಸ್ಸೂ ತಿಂದರು. ನೀರು ಕುಡಿದು, ಸೀಮೆಸುಣ್ಣ ತೆಗೆದುಕೊಂಡು ಹತ್ತನೇ ಕ್ಲಾಸಿಗೆ ಹೋದರು. ಅಷ್ಟರಲ್ಲಿ ಅಲ್ಲಿ ಹದಿನೇಳು ಕೈ ಏಳುತ್ತಿದ್ದವು. ಯಶೋಧರಾಳದು ಇನ್ನೂ ಎದ್ದಿರಲಿಲ್ಲ, ಆದರೆ ದಿನಕ್ಕೆರಡು ಸಲ ತಾನಾಗಿಯೇ ಎದ್ದು ನಿಂತು, ಇಲ್ಲಿ ತಿಳೀಲಿಲ್ಲ ಮಿಸ್ ಎನ್ನುತ್ತಿದ್ದಳು.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮಿಸ್ ಒಬ್ಬರೇ ಇದ್ದಾಗ ಸಿದ್ದೇಶ್ ಮೇಷ್ಟ್ರು ಬಂದರು. ಪಾಠದ ದಿನದಿಂದ ಮಾತು ಬಿಟ್ಟಿದ್ದವರು. ಕಿಟಕಿಯ ಬಳಿ ಹೋಗಿ ನಿಂತು, ತಿರುಗದೆಯೇ ಹೇಳಿದರು.

"ಇವತ್ತು ನಾನೂ ಕೇಳ್ದೆ ಮೇಡಂ. ಎಡಗೈ ಬೇಡ, ಗೊತ್ತಿದ್ದೋರು ಮಾತ್ರ ಎತ್ತಿ ಅಂತ."

"ಎಷ್ಟು ಕೈ?"

"ಎರಡು."

ಕೋಮಲಾ ಮಿಸ್ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ಎತ್ತಿ ಕೆಳಗಿಟ್ಟರು.

"ಕೂತ್ಕೊಳ್ಳಿ," ಎಂದರು. "ಪರೀಕ್ಷೆಗೆ ಇನ್ನೂ ಮೂರು ತಿಂಗಳೈತೆ."