ನಾಗವೇಣಿ ಮೇಡಂ ಊಹೆ ಮಾಡುತ್ತಿರಲಿಲ್ಲ

ಎಂಟರ್ ಒತ್ತುವ ಮುಂಚೆ ನಾಗವೇಣಿ ಮೇಡಂ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಬೆರಳುಗಳು ತಮ್ಮ ಮಾತು ಮೀರಿ ಎಲ್ಲಿ ಒತ್ತಿಬಿಡುತ್ತವೋ ಎನ್ನುವ ಹೆದರಿಕೆ. ಹಾಗೆ ಕೂತು, ತಾವೇ ಟೈಪ್ ಮಾಡಿದ ಒಂದು ಸಾಲನ್ನು ಪದ ಪದವಾಗಿ ಗಟ್ಟಿಯಾಗಿ ಓದುವರು. ಯಾವ ಡಿಸ್ಕಿನಿಂದ, ಯಾವ ಡಿಸ್ಕಿಗೆ, ಏನು ಮಾಡಬೇಕು. ಆಮೇಲೆ ನನ್ನ ಕಡೆ ತಿರುಗಿ, "ನೀನೊಂದ್ಸಲ ಓದಮ್ಮ" ಅನ್ನುವರು. ನಾನು ಓದಿದರೆ, "ಹಂಗೆ ಓಡಿಸ್ಬೇಡ ಕಣೇ, ಬರೀದೆ ಇರೋದೂ ಬರ್ದಂಗೆ ಕಾಣುತ್ತೆ" ಅನ್ನುವರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಒತ್ತಿ ಮೇಡಂ, ಹೊತ್ತು ಮುಳುಗುತ್ತೆ" ಎಂದರೆ ಮತ್ತೆ ಮೊದಲಿಂದ ಶುರು ಮಾಡುವರು.

ಚಿಕ್ಕಬಳ್ಳಾಪುರದ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು ಅವರು. ಜಂಗಮಕೋಟೆಯಲ್ಲಿ ಮನೆ. ಕೆಳಗೆ ಮೈದುನನ ಸಂಸಾರ, ಪಕ್ಕದಲ್ಲಿ ರೇಷ್ಮೆಹುಳು ಸಾಕುವ ಮನೆ, ಮೇಲಿನ ಕೋಣೆಯಲ್ಲಿ ಇವರು. ಕೆಟ್ಟುಹೋದ ಡಿಸ್ಕಿನೊಳಗಿರುವುದನ್ನು ಒಳ್ಳೆಯ ಡಿಸ್ಕಿಗೆ ನಕಲು ಮಾಡುವ ಪ್ರೋಗ್ರಾಂ ಒಂದನ್ನು ತಾವೇ ಬರೆದುಕೊಂಡಿದ್ದರು. ಡಿಸ್ಕನ್ನು ಓದುವ ಭಾಗ ಅದರಲ್ಲಿ ಸಣ್ಣದಂತೆ. ನಾವು ಟೈಪ್ ಮಾಡಿದ ಸಾಲನ್ನು ಅರ್ಥ ಮಾಡಿಕೊಳ್ಳುವ ಭಾಗವೇ ದೊಡ್ಡದಂತೆ. "ಡಿಸ್ಕ್ ಓದೋದೇನ್ ಮಹಾ. ಎದುರಿಗಿರೋರು ಏನ್ ಕೇಳ್ತಿದಾರೆ ಅಂತ ತಿಳ್ಕೊಳ್ಳೋದೇ ಕಷ್ಟ ಕಣಮ್ಮ. ತಿಳೀಲಿಲ್ವಾ, ಕೈ ಕಟ್ಕೊಂಡು ನಿಂತ್ಕೋಬೇಕು. ಊಹೆ ಮಾಡ್ಬಾರ್ದು" ಎನ್ನುತ್ತಿದ್ದರು.

ಡಿಸ್ಕುಗಳಿಗೆ ಕಂಪ್ಯೂಟರ್ ಇಡುವ ಹೆಸರುಗಳನ್ನು ಅವರು ನಂಬುತ್ತಿರಲಿಲ್ಲ. ಯಾವುದನ್ನು ಮೊದಲು ಸಿಕ್ಕಿಸಿದೆವು ಎನ್ನುವುದರ ಮೇಲೆ ಆ ಹೆಸರು ಬದಲಾಗುತ್ತದೆ. ಇವತ್ತು 'ಬಿ' ಆಗಿದ್ದದ್ದು ನಾಳೆ 'ಸಿ'. ಅದಲುಬದಲಾಗಿ, ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿದರೆ ಅಲ್ಲಿಗೆ ಮುಗಿಯಿತು, ಯಾವ ದೇವರೂ ತಂದುಕೊಡುವುದಿಲ್ಲ. ಅದಕ್ಕೇ ಅವರ ಪ್ರೋಗ್ರಾಂ ಡಿಸ್ಕಿನ ಮೈಮೇಲೆ ಅಂಟಿಸಿದ ನಂಬರನ್ನು ಕೇಳುತ್ತಿತ್ತು.

ಡಿಸ್ಕಿನ ವಿಷಯದಲ್ಲಿ ಮಾತ್ರವೇ ಹೀಗೆ ಅಂದುಕೊಳ್ಳಬೇಡಿ. ಬಸ್ಸಿನ ಹಣೆಯ ಮೇಲೆ ಚಿಂತಾಮಣಿ ಎಂದು ಬೋರ್ಡಿದ್ದರೂ ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಹತ್ತಿದ ಮೇಲೆ ಪಕ್ಕದ ಹೆಂಗಸನ್ನೂ ಕೇಳುವರು. ಒಮ್ಮೆ ಆ ಹೆಂಗಸಿಗೇ ಅನುಮಾನ ಬಂದು ಇಳಿದುಹೋದಳಂತೆ. ಇದನ್ನು ಅವರೇ ಹೇಳಿಕೊಂಡು ನಕ್ಕಿದ್ದರು, ನಕ್ಕ ಮೇಲೆ ಅವಳಿಗೆ ಬೇರೆ ಬಸ್ಸು ಸಿಕ್ಕಿತೋ ಇಲ್ಲವೋ ಎಂದು ಮುಖ ಸಣ್ಣ ಮಾಡಿಕೊಂಡಿದ್ದರು.

ನಾನು ಅವರ ಹತ್ತಿರ ಹೋದದ್ದು ನಮ್ಮ ಯಜಮಾನರ ಡಿಸ್ಕ್ ಹಿಡಿದುಕೊಂಡು. ಚಿಂತಾಮಣಿಯಲ್ಲಿ ನಮ್ಮದು ಸ್ಟುಡಿಯೋ, ಮದುವೆ ವಿಡಿಯೋ ತೆಗೆಯುವ ಕೆಲಸ. ಯಜಮಾನರು ಒಂದು ದಿನ ಇದ್ದಕ್ಕಿದ್ದಂತೆ ತೀರಿಕೊಂಡರು. ಊರವರ ಮುಖವನ್ನೆಲ್ಲ ಹಿಡಿದ ಮನುಷ್ಯ ತಾನು ಮಾತ್ರ ಒಂದು ವಿಡಿಯೋದಲ್ಲೂ ಇಲ್ಲ, ಯಾವಾಗಲೂ ಕ್ಯಾಮೆರಾದ ಹಿಂದೆ. ಉಳಿದಿದ್ದದ್ದು ಧ್ವನಿಯೊಂದೇ. ಕತ್ತರಿಸಿ ಹಾಡು ಕೂಡಿಸುವ ಮುಂಚಿನ ವಿಡಿಯೋಗಳಲ್ಲಿ ಅವರ ಮಾತು ಹಾಗೆಹಾಗೇ ಇರುತ್ತಿತ್ತು. ಅವೆಲ್ಲ ಇದ್ದ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ತೆರೆದುಕೊಳ್ಳಲೊಲ್ಲದು. ನಮ್ಮತ್ತೆ ದಿನಾ ಬೆಳಗ್ಗೆ ಕೇಳುವರು, "ಸೀನನ ಮಾತು ಬತ್ತದಾ?"

ಮೇಡಂ ಡಿಸ್ಕನ್ನು ಮುಟ್ಟಲೇ ಇಲ್ಲ. "ಪೊರೆ ಬಿಡೋಕೆ ಜ್ವರಕ್ಕೆ ಕೂತಿರೋ ರೇಷ್ಮೆಹುಳಾನ ಯಾರಾದ್ರೂ ಅಲುಗಾಡಿಸ್ತಾರಾ? ಇದಕ್ಕೆ ಕರೆಂಟ್ ಕೊಟ್ಟಾಗೆಲ್ಲ ಅದೇ ಕೊನೇದಾಗ್ಬಹುದು. ಮೊದ್ಲು ಇಷ್ಟೇ ದೊಡ್ಡ ಹೊಸದೊಂದು ತಗೊಂಬಾ." ತಂದೆ, ಅದೇ ಕಂಪನಿಯದು, ಅದೇ ಬಣ್ಣದ್ದು. ಅಷ್ಟರಲ್ಲಿ ಅವರ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಎಲ್ಲರ ಕೈಯೂ ಅಲ್ಲೇ ಬೇಕು, ಹಬ್ಬ ಕಳೆದ ಮೇಲೆ ಬಾ ಎಂದರು. ಗುರುತಿಗೆ ಇರಲಿ ಎಂದು ಯಜಮಾನರ ಡಿಸ್ಕಿಗೆ ಒಂದು ಕುಂಕುಮದ ಬೊಟ್ಟಿಟ್ಟು ಎರಡನ್ನೂ ಬೀರುವಿನಲ್ಲಿಟ್ಟೆ.

ಬಂದ ಹಬ್ಬ ಆಯುಧಪೂಜೆ. ನಮ್ಮತ್ತೆ ಕ್ಯಾಮೆರಾಗೆ, ಟ್ರೈಪಾಡಿಗೆ, ಸ್ಕೂಟರಿಗೆ, ಇಸ್ತ್ರಿಪೆಟ್ಟಿಗೆಗೆ ಬೊಟ್ಟಿಟ್ಟು, ಬೀರು ತೆಗೆದು ಎರಡೂ ಡಿಸ್ಕುಗಳನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಎರಡಕ್ಕೂ ಹೊಸದಾಗಿ ವಿಭೂತಿ ಕುಂಕುಮ ಇಟ್ಟು ಹೂ ಮುಡಿಸಿದ್ದರು. ನೋಡಿ ನನ್ನ ಜೀವ ಬಾಯಿಗೆ ಬಂತು. "ಒಂದಕ್ಕಿಟ್ಟು ಇನ್ನೊಂದಕ್ಕೆ ಬಿಟ್ರೆ ಆಯ್ತದೇನೇ?" ಎಂದರು. ಅವರನ್ನು ಬೈಯುವುದು ಹೇಗೆ? ಹೆತ್ತವರು.

ಮಾರನೆಯ ದಿನ ಜಂಗಮಕೋಟೆಗೆ ಅತ್ತೆಯೂ ಜೊತೆಗೆ ಬಂದರು. ಮೇಡಂ ಎರಡೂ ಡಿಸ್ಕುಗಳನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮೈಮೇಲೆ ನಂಬರೇನೋ ಇತ್ತು, ಹಳೆಯದರ ನಂಬರು ಯಾವುದೆಂದು ನಾನು ಬರೆದಿಟ್ಟುಕೊಂಡಿರಲಿಲ್ಲ. ಅತ್ತೆ ಬಲಗಡೆಯದನ್ನು ಮುಟ್ಟಿ, "ಇದೇ ನನ್ ಮಗನ್ದು. ಇದಕ್ಕೇ ಮೊದ್ಲು ಹೂವ ಇಟ್ಟಿದ್ದು, ನಂಗೆ ನೆನಪೈತೆ" ಎಂದರು. ಮೇಡಂ ಅದನ್ನು ಪಕ್ಕಕ್ಕೆ ಸರಿಸಿದರು. "ಇರ್ಲಮ್ಮ. ಹಂಗಾದ್ರೆ ಇನ್ನೊಂದನ್ನ ಮೊದ್ಲು ಹಾಕ್ತೀನಿ, ಅದು ಹೊಸದೇ ಆಗಿದ್ರೆ ನಷ್ಟ ಇಲ್ಲ. ಯಾವುದೇ ಆದ್ರೂ ಬರೀ ಓದೋದು, ಬರಿಯೋದು ಬೇಡ" ಎಂದು ಎಡಗಡೆಯದನ್ನು ಸಿಕ್ಕಿಸಿದರು.

ಟಕ್, ಟಕ್, ಟಕ್.

"ಉಂಡಮ್ಮಾ, ಉಂಡು" ಎಂದು ಮೇಡಂ ತೆಲುಗಿಗೆ ಹೊರಳಿದರು. ಭಯವಾದಾಗ ಅವರಿಗೆ ತವರಿನ ಭಾಷೆ ಬರುತ್ತಿತ್ತು. ತಾಳು ತಾಳು ಎಂದು ಹೇಳಿದ್ದು ನನಗೋ, ಡಿಸ್ಕಿಗೋ, ತಮಗೋ ಗೊತ್ತಿಲ್ಲ. ಅತ್ತೆಯ ಮಾತು ನಂಬಿ ಸಾಲು ಬರೆದಿದ್ದರೆ ಖಾಲಿ ಡಿಸ್ಕ್ ನಮ್ಮ ಯಜಮಾನರ ಮೇಲೆ ಬಂದು ಕೂರುತ್ತಿತ್ತು. ಎಚ್ಚರವಾದ ಡಿಸ್ಕನ್ನು ಮತ್ತೆ ಮಲಗಿಸುವ ಧೈರ್ಯ ಮೇಡಂಗಿರಲಿಲ್ಲ. ಹೊಸದನ್ನೂ ಸಿಕ್ಕಿಸಿ, ಎರಡರ ನಂಬರನ್ನೂ ನನ್ನಿಂದ ಓದಿಸಿ, ಸಾಲು ಬರೆದು, ಕೈ ಬಚ್ಚಿಟ್ಟು, ಓದಿ, ಓದಿಸಿ, ಒತ್ತಿದರು. ಅವತ್ತು ನಾನು ಅವಸರ ಮಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುಮಾರು ಅರ್ಧ ಬಂತು. ಆಮೇಲೆ ಡಿಸ್ಕ್ ಬಿಸಿಯಾಗಿ ಸದ್ದು ಜೋರಾಯಿತು. ಮೇಡಂ ನಿಲ್ಲಿಸಿಬಿಟ್ಟರು. ಬಂದದ್ದರಲ್ಲಿ ಒಂದನ್ನು ಹಾಕಿದರು. ಯಾರದೋ ಧಾರೆ, ಹೆಣ್ಣಿನ ತಾಯಿ ಅಡ್ಡ ನಿಂತಿದ್ದಾರೆ. ಕ್ಯಾಮೆರಾದ ಹಿಂದಿನಿಂದ ನಮ್ಮ ಯಜಮಾನರು, "ಅಮ್ಮಾ, ವಸಿ ಹಿಂದಕ್ ಬನ್ನಿ" ಎಂದರು. ನಮ್ಮತ್ತೆ ಕೂತಿದ್ದ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡರು. ಎಳೆದುಕೊಂಡ ಮೇಲೆ ತಿಳಿಯಿತು, ಸೆರಗು ಬಾಯಿಗಿಟ್ಟುಕೊಂಡರು. ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಉಳಿದಿದ್ದು ಅದಕ್ಕೆ ಚೆನ್ನಾಗಿ ವಿಶ್ರಾಂತಿ ಕೊಟ್ಮೇಲೆ, ಸಂಕ್ರಾಂತಿ ಕಳೀಲಿ" ಎಂದರು. ಅಷ್ಟರಲ್ಲೇ ಒಂದು ದಿನ ಅವರೇ ಬಸ್ಸು ಹತ್ತಿ ನಮ್ಮ ಸ್ಟುಡಿಯೋಗೆ ಬಂದು, ಪ್ರೋಗ್ರಾಂ ಇದ್ದ ಪೆನ್‌ಡ್ರೈವ್ ಕೊಟ್ಟರು. ಹಾಳು ಡಿಸ್ಕುಗಳನ್ನಿಟ್ಟು ನನ್ನಿಂದ ಅಭ್ಯಾಸ ಮಾಡಿಸಿದರು. "ನಂಗೇನಾದ್ರೂ ಆದ್ರೆ ನಿನ್ ಕೆಲಸ ಅರ್ಧಕ್ಕೆ ನಿಲ್ಬಾರ್ದು, ಗಾಯತ್ರಿ." ಒಂದಕ್ಷರ ತಪ್ಪಿದರೂ ಎಂಟರ್‌ಗೆ ಮುಂಚೆಯೇ ನನ್ನ ಕೈ ಹಿಡಿದುಬಿಡುತ್ತಿದ್ದರು. "ನಿಮ್ಗೇನಾಗುತ್ತೆ ಮೇಡಂ, ಯಮ ಬಂದ್ರೂ ವಿಳಾಸ ಸರಿಯಾಗಿದ್ಯಾ ಅಂತ ಕೇಳಿ ಕೇಳಿ ವಾಪಸ್ ಕಳಿಸ್ತೀರ" ಎಂದೆ. ಚೆನ್ನಾಗಿ ನಕ್ಕರು. ಅದೇ ನಾನವರನ್ನು ನೋಡಿದ್ದು ಕೊನೆ.

ಸಂಕ್ರಾಂತಿಗೆ ಮುಂಚೆ ಅವರ ಮೈದುನ ಫೋನ್ ಮಾಡಿದರು. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ತಲುಪಲಿಲ್ಲವಂತೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡುವಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಎಲ್ಲವನ್ನೂ ಎರಡೆರಡು ಸಲ ಹೇಳುವ ಹೆಂಗಸು, ಹೊರಡುವಾಗ ಒಂದು ಸಲವೂ ಹೇಳಲಿಲ್ಲ.

ಬಹಳ ದಿನ ನಾನು ಡಿಸ್ಕಿನ ಹತ್ತಿರ ಸುಳಿಯಲಿಲ್ಲ. ಕೊನೆಗೆ ಅತ್ತೆಯೇ, "ಇನ್ನರ್ಧ ಐತಲ್ಲಮ್ಮ" ಎಂದರು. ಒಂದು ಮಧ್ಯಾಹ್ನ ಸ್ಟುಡಿಯೋದ ಷಟರ್ ಅರ್ಧ ಎಳೆದು ಇಬ್ಬರೂ ಕೂತೆವು. ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ನಂಬರು ನೋಡಿ ಸಾಲು ಬರೆದು, ಓದಿದೆ, ಅತ್ತೆಗೆ ಓದಲು ಬರುವುದಿಲ್ಲ, ಮತ್ತೆ ನಾನೇ ಓದಿದೆ, ಒತ್ತಿದೆ.

ಪರದೆ ಕೆಂಪಾಯಿತು. ಮೇಡಂ ಪಕ್ಕದಲ್ಲಿದ್ದಾಗ ಒಂದು ಸಲವೂ ಹಾಗಾಗಿರಲಿಲ್ಲ. ಹೋಯಿತು, ಎಲ್ಲ ಹೋಯಿತು, ನನ್ನ ಕೈಯಾರೆ ಅಳಿಸಿಬಿಟ್ಟೆ ಅಂದುಕೊಂಡೆ. ಅಕ್ಷರಗಳು ಕಣ್ಣಿಗೆ ಹತ್ತಲು ಸ್ವಲ್ಪ ಹೊತ್ತಾಯಿತು. ಕನ್ನಡದಲ್ಲಿದ್ದವು.

"ಈ ನಂಬರಿನ ಡಿಸ್ಕ್ ಇಲ್ಲಿಲ್ಲ. ಟೈಪ್ ಮಾಡುವಾಗ ಕೈ ತಪ್ಪಿದೆ. ನಾನು ಯಾವುದನ್ನೂ ಮುಟ್ಟಿಲ್ಲ, ಎಲ್ಲ ಇದ್ದ ಹಾಗೇ ಇದೆ. ಗಾಬರಿ ಬೇಡ ಗಾಯತ್ರಿ."

ಬದುಕಿದ್ದಷ್ಟು ದಿನ ಆ ಹೆಂಗಸು ಯಾರಿಗೂ ಗಾಬರಿ ಬೇಡ ಎಂದವರಲ್ಲ, ಇದನ್ನು ಮಾತ್ರ ಪೆನ್‌ಡ್ರೈವ್ ಕೊಡುವ ಮುಂಚೆಯೇ ನನಗಾಗಿ ಬರೆದಿಟ್ಟಿದ್ದರು. ಆಮೇಲೆ ನಂಬರು ಸರಿಯಾಗಿ ಬರೆದೆ, ಉಳಿದದ್ದರಲ್ಲಿ ಬಹುಪಾಲು ಸಿಕ್ಕಿತು. ಆದರೆ ಆ ಕೆಂಪು ಪರದೆಯ ಮುಂದೆ ಅತ್ತೆ ನನ್ನ ಭುಜ ಅಲುಗಿಸಿ ಕೇಳುತ್ತಿದ್ದರು, "ಯಾಕೇ ಅಳ್ತೀಯ? ಹೋಯ್ತಾ?"

"ಇಲ್ಲ ಅತ್ತೆ" ಎಂದೆ. "ಎಲ್ಲ ಇದ್ದಂಗೇ ಐತಂತೆ."