ಕಡೀಗೆ ಎಲ್ಲಾರೂ ವಾಪಸ್ ಬರ್ತ್ರಾ?

ಕತೆಯ ಕೊನೆಯನ್ನು ಮೊದಲೇ ಹೇಳಿಬಿಡುವುದು ದೊಡ್ಡ ಅಪರಾಧ ಎಂದು ನಮಗಿನ್ನೂ ಗೊತ್ತಿರದಿದ್ದ ಕಾಲ ಅದು. ಮಾಜಾಳಿಯ ನಮ್ಮ ಶಾಲೆಯಲ್ಲಿ ಶನಿವಾರ ಕವಾಯತು ಮುಗಿದ ಮೇಲೆ ನಮಗೆ ಕಲಿಸುವ ಅಕ್ಕೋರು ಪುಸ್ತಕದ ಕಪಾಟು ತೆಗೆಯುತ್ತಿದ್ದರು. ಬಾಗಿಲು ಕಿರ್ರೆಂದ ಕೂಡಲೇ ಡಾಂಬರು ಗುಳಿಗೆಯ ವಾಸನೆ, ಅದರ ಹಿಂದೆಯೇ ಮಳೆಗಾಲದ ಮುಗ್ಗಲು. ಕಿಟಕಿಯಿಂದ ಒಣಮೀನಿನ ಗಾಳಿ ಬಂದು ಎರಡನ್ನೂ ಸೋಲಿಸುತ್ತಿತ್ತು. ಹಿಂದಿನ ವಾರ ಓದಿದ ಪುಸ್ತಕವನ್ನು ಪ್ರತಿಯೊಬ್ಬರೂ ಎದ್ದು ನಿಂತು, ಕೈಕಟ್ಟಿ, ಉಳಿದವರಿಗೆ ಶಿಫಾರಸು ಮಾಡಬೇಕು. ಇಂದು ಓದುಗರ ಗುಂಪುಗಳಲ್ಲಿ ನೀವೂ ನಾನೂ ಮಾಡುವುದು ಅದನ್ನೇ. ಒಂದೇ ವ್ಯತ್ಯಾಸವೆಂದರೆ ನಮ್ಮ ವರ್ಗದಲ್ಲಿ ಮಾತು ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತಿತ್ತು.

"ಕಡೀಗೆ ಎಲ್ಲಾರೂ ವಾಪಸ್ ಬರ್ತ್ರಾ?"

ಕೇಳುತ್ತಿದ್ದವರು ಕಡಲ ಬದಿಯ ಮಕ್ಕಳು. 'ಇಲ್ಲ' ಎಂದರೆ ಮುಗಿಯಿತು, ಬೋಟುಗಳು ನೀರಿನಲ್ಲಿರುವಷ್ಟು ಕಾಲ ಅವರಲ್ಲಿ ಒಬ್ಬರೂ ಆ ಪುಸ್ತಕ ಮುಟ್ಟುತ್ತಿರಲಿಲ್ಲ. ನನ್ನ ಅಪ್ಪನಿಗೆ ಕಾರವಾರದಲ್ಲಿ ಕಚೇರಿ ಕೆಲಸ, ಊರು ಅಂಕೋಲೆಯ ಬಾಳೆಗುಳಿ. ನಮಗೆ ಸಮುದ್ರ ಎಂದರೆ ಸಂಜೆಯ ಗಾಳಿ. ಸಾಲದ್ದಕ್ಕೆ ತಾಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬಟ್ಟಲೊಂದು ನಮ್ಮ ಮನೆಯ ಟೀವಿಯ ಮೇಲೆ ಕುಳಿತಿತ್ತು. ನಾನು ಎದ್ದು ಆಕ್ಷೇಪಿಸಿದೆ.

"ಅಕ್ಕೋರೇ, ಕೊನೆ ಗೊತ್ತಾದ ಮೇಲೆ ಓದುವುದು ಯಾಕೆ?"

"ಬಂದ್ಳು ವಕೀಲಿ" ಎಂದಳು ವಂದನಾ. ನನ್ನ ಲಗೋರಿಯ ಜೊತೆಗಾತಿ, ನನಗಿಂತ ಚೆನ್ನಾಗಿ ಗಟ್ಟಿಯಾಗಿ ಓದುವ ಏಕೈಕ ಹುಡುಗಿ. "ನಿನ್ನ ಅಪ್ಪ ಸಂಜೆ ಬಸ್ಸಿಗೆ ಬರ್ತ್ರು ಅಂತ ನಿಂಗೆ ಗೊತ್ತಿರೂದಿಲ್ವಾ? ಆದ್ರೂ ಕಿಟಕೀಲಿ ಕುಂತಿರ್ತ್ಯಲ, ಎಂತಕ್ಕೆ?"

ಇಡೀ ವರ್ಗ ನಕ್ಕಿತು. ಅಕ್ಕೋರೂ ನಕ್ಕರು. ಅದು ತರ್ಕವಲ್ಲ, ಬರೀ ಹೋಲಿಕೆ ಎಂದು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ವಿವರಿಸಿದೆ. ಅವಳು ಕಿಸೆಯಿಂದ ಸುಟ್ಟ ಗೇರುಬೀಜ ತೆಗೆದು ನನ್ನ ಬಾಯಿಗೆ ತುರುಕಿದಳು.

ವಂದನಾಳ ಅಪ್ಪ ತಾಂಡೇಲ. ಬೋಟು ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು. ಆ ವರ್ಷ ಮೀನು ಹಿಡಿಯಬಾರದೆಂಬ ಮಳೆಗಾಲದ ಬಂದಿ ಮುಗಿದು, ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಬೋಟುಗಳು ಹೊರಟವು. ಕೆಲವೇ ದಿನಗಳಲ್ಲಿ ಗಾಳಿ ತಿರುಗಿತು. ಅವನ ಬೋಟು ಮಗುಚಿತು. ಜೊತೆಯಲ್ಲಿದ್ದವರು ಬೇರೆ ಬೋಟಿನವರು ಎಸೆದ ಹಗ್ಗ ಹಿಡಿದು ಬದುಕಿ ಬಂದರು. ಅವನು ಬರಲಿಲ್ಲ. ಹೆಣವೂ ಬರಲಿಲ್ಲ. ಹುಡುಕಲು ಹೋದ ಬೋಟುಗಳು ಒಂದೊಂದಾಗಿ ಮತ್ತೆ ಮೀನು ಹಿಡಿಯಲು ತಿರುಗಿದವು.

ಮುಂದಿನ ಶನಿವಾರ ವಂದನಾ ಬಂದವಳು ಬೆಂಚಿಗೆ ಹೋಗದೆ ನೇರ ಕಪಾಟಿನ ಮುಂದೆ ನಿಂತಳು. "ತಡ ಮಾಡಿ ವಾಪಸ್ ಬರೋರ ಪುಸ್ತಕ ಕೊಡಿ ಅಕ್ಕೋರೇ. ಆಯಿಗೆ ಓದಿ ಹೇಳೂಕೆ."

ಅಕ್ಕೋರು ಕಪಾಟು ತೆಗೆದರು. ನಾನೂ ಅವರೂ ಸೇರಿ ಹುಡುಕಿದೆವು. ಶಾಪ ತೀರಿ ಮರಳುವ ರಾಜಕುಮಾರ, ಪರದೇಶದಲ್ಲಿ ಸೆರೆಬಿದ್ದು ತಪ್ಪಿಸಿಕೊಂಡ ವ್ಯಾಪಾರಿ, ಸತ್ತನೆಂದು ತಿಥಿ ಮಾಡಿದ ದಿನವೇ ಬಾಗಿಲು ತಟ್ಟಿದ ಸಿಪಾಯಿ. ಪುಸ್ತಕಗಳಲ್ಲಿ ಮರಳಿ ಬರುವವರಿಗೆ ಬರವಿರಲಿಲ್ಲ.

ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ ಓದು. ಅವಳ ಆಯಿಯನ್ನು, ಅಂದರೆ ಅಮ್ಮನನ್ನು, ನಾನು ಮೌಶಿ ಎನ್ನುತ್ತಿದ್ದೆ. ಮೌಶಿಗೆ ಓದು ಬರುತ್ತಿರಲಿಲ್ಲ. ಮನೆಯ ಮಾತು ಕೊಂಕಣಿಯಾದರೂ ಕಾರವಾರದ ಪೇಟೆಯಲ್ಲಿ ಮೀನು ಮಾರಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಶೆಟ್ಲಿಯ, ಎಂದರೆ ಒಣಸೀಗಡಿಯ, ತಲೆ, ಬಾಲ ಮುರಿದು ಬುಟ್ಟಿಗೆ ಹಾಕುತ್ತ ಕೇಳುತ್ತಿದ್ದಳು. ಸಿಪಾಯಿ ಬಾಗಿಲು ತಟ್ಟಿದಾಗ ನನ್ನ ಕಡೆ ತಿರುಗಿ, "ನೋಡ್ದ್ಯಾ ತಂಗಿ? ಊರೋರ ಮಾತು ಕೇಳಿ ತಿಥಿ ಮಾಡ್ದೋರ ಮುಖ ಎಲ್ಲಿಡೂದು ಈಗ?" ಎಂದಳು. ಗಂಡ ಬಂದ ಮೇಲೇ ಉಣ್ಣುತ್ತೇನೆ ಎಂದು ಅವಳು ಅನ್ನ ಬಿಟ್ಟಿದ್ದಳು. ಚಾ, ಒಂದು ತುಂಡು ಪಾವ್ ಬ್ರೆಡ್ಡು, ಅಷ್ಟೇ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಅಷ್ಟರಲ್ಲಿ ಚೌತಿ ಹತ್ತಿರ ಬಂತು. ಅವರ ಕುಟುಂಬಕ್ಕೆಲ್ಲ ಒಂದೇ ಗಣಪತಿ, ಅದು ಈ ಮನೆಗೇ ಬರಬೇಕು. ಮೂರ್ತಿ ಮಾಡುವವನಿಗೆ ಗಣಪತಿ ಕೂರುವ ಮನೆಯ ಮಣೆ ಮೊದಲೇ ಕೊಟ್ಟಿರಬೇಕು. ಕದ್ವಾಡದಿಂದ ವಂದನಾಳ ದೊಡ್ಡಪ್ಪ ಬಂದು ಅಂಗಳದಲ್ಲೇ ನಿಂತು ಮೌಶಿಯನ್ನು ಕೇಳಿದ.

"ಸೂತಕ ಅಂದ್ರೆ ಮಣೆ ಕೊಡೂಕೆ ಆಗೂದಿಲ್ಲ. ಸೂತಕ ಇಲ್ಲ ಅಂದ್ರೆ ಕೊಡ್ಲೇಬೇಕು. ಎರಡ್ರಲ್ಲಿ ಒಂದು ಹೇಳು ಶೇವಂತಿ."

"ಕೊಡಿ ಭಾವಾ. ಅವ್ರು ಬರ್ತ್ರು."

"ಬರ್ಲಿಲ್ಲ ಅಂದ್ರೆ? ಸತ್ತೋನ ಮನೇಲಿ ದೇವ್ರು ಕೂರ್ಸಿದ ಹಾಗಾಗ್ತದಲ್ಲೇ!"

"ಬದ್ಕಿದ್ದೋನ ಸೂತಕ ಹಿಡಿಯೂದು ಯಾವ ಶಾಸ್ತ್ರ?"

ಚರ್ಚಾಸ್ಪರ್ಧೆಯಲ್ಲಿ ಪರ ಮತ್ತು ವಿರೋಧ ಎರಡಕ್ಕೂ ತಯಾರಾಗಿ ಹೋಗುವುದನ್ನು ನನಗೆ ಕಲಿಸಿದ್ದರು. ಈ ಅಂಗಳದಲ್ಲಿ ಎರಡೂ ಪಕ್ಷ ಸರಿಯಾಗಿತ್ತು, ತೀರ್ಪುಗಾರರೇ ಇರಲಿಲ್ಲ. ದೊಡ್ಡಪ್ಪ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದ. ನಾಡಿದ್ದು ಬರುತ್ತೇನೆ, ಅಷ್ಟರೊಳಗೆ ಹೇಳು ಎಂದ.

ಮರುದಿನ ಶಾಲೆಯಲ್ಲಿ ವಂದನಾ ನನ್ನನ್ನು ನೀರಿನ ಟಾಕಿಯ ಹಿಂದೆ ಕರೆದಳು.

"ವಾಪಸ್ ಬರದೇ ಇದ್ದೋರ ಪುಸ್ತಕ ಯಾವ್ದು? ನಿಂಗೆ ಗೊತ್ತಿರ್ತದೆ."

"ಯಾಕೆ?"

"ಆಯಿ ಉಣ್ಣೂದಿಲ್ಲ. ಹಿಂಗೇ ಆದ್ರೆ ಅವ್ಳೂ ಹೋಗ್ತ್ಳು. ದೊಡ್ಡಪ್ಪ ಹೇಳಿದ್ರೆ ಜಗಳ. ನಾ ಹೇಳಿದ್ರೆ ಹೊಡಿತ್ಳು. ಪುಸ್ತಕಕ್ಕೆ ಹೊಡಿಯೂಕೆ ಆಗೂದಿಲ್ಲಲ."

ನನಗೆ ಗೊತ್ತಿತ್ತು. ಕಪಾಟಿನ ಕೆಳಗಿನ ಸಾಲಿನಲ್ಲಿ, ಕಡಲ ಬದಿಯ ಮಕ್ಕಳು ಯಾರೂ ಮುಟ್ಟದ ಕಾರಣ ಹೊಸದರಂತೆಯೇ ಉಳಿದ ತೆಳ್ಳನೆಯ ಪುಸ್ತಕ. ನೆರೆ ಬಂದ ಹೊಳೆಯಲ್ಲಿ ಕೊಚ್ಚಿಹೋದ ಅಂಬಿಗ, ಅವನ ಹೆಂಡತಿ. ನನಗೆ ಬಹಳ ಇಷ್ಟವಾಗಿತ್ತು. ಅಕ್ಕೋರನ್ನು ಕೇಳಿ ತೆಗೆದು ಕೊಟ್ಟೆ, ಜೊತೆಗೆ ಹೋದೆ.

ಅಂದು ಸಂಜೆ ಮಳೆ ಬಿಟ್ಟಿತ್ತು. ಮೌಶಿ ಎಂದಿನಂತೆ ಶೆಟ್ಲಿ ಮುರಿಯುತ್ತಿದ್ದಳು. ವಂದನಾ ಓದಿದಳು. ಅಂಬಿಗ ದೋಣಿ ಬಿಚ್ಚಿದ, ನೀರು ಏರಿತು, ದೋಣಿ ಮಾತ್ರ ದಡಕ್ಕೆ ಬಂತು. ಮೌಶಿ ತಲೆ ಎತ್ತದೆ ಕೇಳಿದಳು.

"ಹೆಣ ಸಿಕ್ತಾ?"

ಸಿಕ್ಕಿತ್ತು. ಹೊಳೆಯ ತಿರುವಿನ ಬಿದಿರು ಮೆಳೆಯಲ್ಲಿ, ಅದೇ ಪುಟದ ಕೆಳಗೆ. ಇದು ನಮ್ಮ ಕತೆಯಲ್ಲ ಎಂದು ಮೌಶಿ ಈಗ ಪುಸ್ತಕವನ್ನು ಪಕ್ಕಕ್ಕೆ ಸರಿಸುತ್ತಾಳೆ ಎಂದುಕೊಂಡೆ.

"ಸಿಗಲಿಲ್ಲ" ಎಂದು ಓದಿದಳು ವಂದನಾ.

ನಾನು ಅವಳ ಮುಖ ನೋಡಿದೆ. ಕಣ್ಣು ಪುಟದ ಮೇಲೆ, ಬೆರಳು ಸಾಲಿನ ಮೇಲೆ. "ಹೆಂಡತಿಯು ಬಾಗಿಲಲ್ಲಿ ಕಾದಳು. ಮಗಳು ಬಂದರಿಗೆ ಹೋಗಿ ಅವನ ಸಂಗಡಿಗನನ್ನು ಕೇಳಿದಳು. ಅವನು ಕೈ ಎತ್ತಿದ್ದನ್ನು, ಆಮೇಲೆ ಎತ್ತದೇ ಇದ್ದುದನ್ನು ಸಂಗಡಿಗನು ಕಂಡಿದ್ದನು. ಅವನಿಗೆ ತುಂಬ ಹೊತ್ತು ಕಷ್ಟವಾಗಲಿಲ್ಲ." ಶಾಲೆಯ ಪ್ರಬಂಧದ ಶುದ್ಧ ಕನ್ನಡ, ಎಲ್ಲೂ ತಡವರಿಸದ ದನಿ. ಆ ಹೊಳೆಯ ಕತೆಯಲ್ಲಿ ಬಂದರು ಇರಲಿಲ್ಲ, ಮಗಳೂ ಇರಲಿಲ್ಲ. ಅವಳು ಹಾಗೆಯೇ ಓದುತ್ತ ಹೋದಳು.

ಶೆಟ್ಲಿ ಮುರಿಯುವ ಕೈ ನಿಂತಿತು.

"ಮಗಾ, ಆಗ್ಲಿಂದ ನೀ ಹಾಳೆ ಮಗುಚ್ಲಿಲ್ಲ."

ವಂದನಾ ಪುಸ್ತಕ ಮುಚ್ಚಿದಳು.

"ಯಾರು ಕಂಡದ್ದು?"

"ಬೋಟಲ್ಲಿದ್ದ ಸುಭಾಷ್ ಕಾಕಾ. ನಿನ್ನ ಮುಂದೆ ಹೇಳೂಕೆ ಅವ್ರಿಗೆ ಧೈರ್ಯ ಇಲ್ಲ."

"ನಿಂಗೆ ಯಾವಾಗ ಹೇಳ್ದ?"

"ಅವ್ರು ವಾಪಸ್ ಬಂದ ದಿನಾನೇ."

ಅಂದರೆ ರಾಜಕುಮಾರನನ್ನೂ ವ್ಯಾಪಾರಿಯನ್ನೂ ಸಿಪಾಯಿಯನ್ನೂ ಅವಳು ಎಲ್ಲ ಗೊತ್ತಿದ್ದೂ ಓದಿದ್ದಳು. ಮೌಶಿಗೂ ಅದು ಹೊಳೆದಿರಬೇಕು. "ಅಷ್ಟು ದಿನ ಒಬ್ಳೇ ಇಟ್ಕಂಡಿದ್ಯಾ?" ಎಂದಳು, ಬಹಳ ಮೆತ್ತಗೆ. ಅಳಲಿಲ್ಲ. ಒಳಗೆ ಹೋಗಿ ಎರಡು ಬಟ್ಟಲಿಗೆ ಗಂಜಿ ಬಡಿಸಿದ ಸದ್ದು ಕೇಳಿತು. ಹೊರಗೆ ಬಂದು ನನ್ನ ತಲೆ ಮುಟ್ಟಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

"ನೀ ಮನೆಗೆ ಹೋಗು ತಂಗಿ. ಇಲ್ಲಿ ಸೂತಕ ಅದೆ."

ಚೌತಿಗೆ ನಾವು ಬಾಳೆಗುಳಿಗೆ ಹೋದೆವು. ಪಟಾಕಿ, ಕಡುಬು, ಅಣ್ಣಂದಿರ ಗಲಾಟೆ ಎಲ್ಲ ಇತ್ತು. ತಿರುಗಿ ಬಂದಾಗ ಮೌಶಿ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಿದ್ದಳು, ಬಳೆಯಿಲ್ಲದ ಬರಿಗೈಯಲ್ಲಿ. ಮನೆ, ಇನ್ನೂ ಶಾಲೆಗೆ ಸೇರದ ತಮ್ಮ, ಒಲೆ ಎಲ್ಲ ವಂದನಾಳ ಪಾಲಿಗೆ ಬಿತ್ತು. ಶನಿವಾರಗಳು ತಪ್ಪಿದವು, ನಂತರ ಶಾಲೆಯೇ ತಪ್ಪಿತು.

ಪುಸ್ತಕ ಬದುಕಿಸುತ್ತದೆ ಎಂಬ ವಿಷಯದ ಪರವಾಗಿ ನಾನು ಕಾಲೇಜಿನಲ್ಲಿ ಮಾತಾಡಿ ಗೆದ್ದಿದ್ದೇನೆ. ಈಗಲೂ ನಿಮ್ಮಂಥ ಓದುಗರಿಗೆ ಪುಸ್ತಕ ಸೂಚಿಸುತ್ತೇನೆ, ಅದು ನನ್ನ ಚಟ. ಆದರೆ ಒಂದು ಮಾತು ನೇರವಾಗಿ ಹೇಳಬೇಕು. ನಾನು ಅಂದು ಆರಿಸಿಕೊಟ್ಟ ಪುಸ್ತಕ ಒಂದೇ ಪ್ರಶ್ನೆಗೆ ಸೋತಿತ್ತು. ಮೌಶಿ ಅನ್ನ ಉಂಡದ್ದು ವಂದನಾ ಅದನ್ನು ಓದುವುದು ಬಿಟ್ಟದ್ದರಿಂದ. ಅಂಥ ವಾಕ್ಯ ಕಟ್ಟಬಲ್ಲ ಹುಡುಗಿ ಆಮೇಲೆ ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಈ ಲೆಕ್ಕದಲ್ಲಿ ಯಾರು ಏನು ಗಳಿಸಿದರು ಎಂದು ನನ್ನನ್ನು ಕೇಳಬೇಡಿ.

ಈಗ ಅವಳು ಬೆಳಿಗ್ಗೆ ಗೋವಾದ ಬಸ್ಸು ಹಿಡಿಯುತ್ತಾಳೆ, ಅಲ್ಲಿ ಮೀನು ಹದಮಾಡುವ ಕಂಪನಿಯಲ್ಲಿ ಕೆಲಸ. ಮಾಜಾಳಿಗೆ ಹೋದಾಗ ಬಸ್‌ಸ್ಟಾಪಿನಲ್ಲಿ ಸಿಗುತ್ತಾಳೆ. ಅಂದು ಅವಳು ಓದಿದ್ದರಲ್ಲಿ ನನಗೆ ಉಳಿದಿರುವುದು ಇಲ್ಲಿ ಬರೆದ ಮೂರ್ನಾಲ್ಕು ಸಾಲು ಮಾತ್ರ. ಉಳಿದದ್ದನ್ನು ಕೇಳಿದರೆ, "ಎಂತದೂ ನೆನಪಿಲ್ಲ ಮಾರಾಯ್ತಿ" ಎನ್ನುತ್ತಾಳೆ. ನಾನು ನಂಬುವುದಿಲ್ಲ. ವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬಸ್ಸು ಹತ್ತಿರುತ್ತಾಳೆ.