ಬರಿಗೈ ಯಾತ್ರೆ, ಬೆಲ್ಲದ ಮೂಟೆ

ತಿರುಪತಿಗೆ ನನ್ನಷ್ಟು ಹಗುರವಾಗಿ ನಡೆದು ಹೋಗೋನು ನಮ್ಮ ಸೀಮೇಲೇ ಇಲ್ಲ. ಹೆಗಲ ಮೇಲೊಂದು ಟವಲ್ಲು, ಅಷ್ಟೇ. ಜಂಗಮಕೋಟೆ ಟೀ ಅಂಗಡೀಲಿ ಹೀಗೇ ಜಂಬ ಕೊಚ್ಚುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕೇಳಿಸಿಕೊಂಡಳು.

"ಕೈ ಖಾಲಿ ಐತಲ್ಲಣ್ಣ! ಮೊಮ್ಮಗನ ತೂಕದಷ್ಟು ಬೆಲ್ಲ ಕೊಡ್ತೀನಂತ ಹರಕೆ ಹೊತ್ತಿದ್ದೆ. ಬೆಟ್ಟಕ್ಕೆ ಮುಟ್ಟಿಸಿಬಿಡು."

ದೇವರ ಹರಕೆ, ಒಲ್ಲೆ ಅನ್ನೋಕಾಗತ್ತಾ? "ಮಗು ಎಷ್ಟು ದಪ್ಪ ಐತಕ್ಕಾ?" ಅಂದೆ.

"ಹರಕೆ ಹೊತ್ತಾಗ ಮಗು. ಮೊನ್ನೆ ಮದುವೆ ಆಯ್ತು ಕಣಣ್ಣ!"

ಹೊತ್ತೆ. ಚಿಂತಾಮಣಿ ದಾಟೋ ಹೊತ್ತಿಗೆ ನನ್ನ ಹಿಂದೆ ಮೈಲುದ್ದ ಇರುವೆ ಸಾಲು. ಅದೂ ಪಾದಯಾತ್ರೆ ಅಂದುಕೊಂಡು ಜನ ಮಜ್ಜಿಗೆ ಹಿಡಿದು ನಿಂತಿದ್ದರು.

ಈಗ ಹೊರಟರೆ ಬೆನ್ನ ಮೇಲೆ ಆಳೆತ್ತರದ ಚೀಲ, ಒಳಗೆ ಬರೀ ಒಣಹುಲ್ಲು. ನೋಡಿದೋರು "ಪಾಪ, ಎಷ್ಟು ಭಾರ" ಅಂತಾರೆ. ಯಾರೂ ಏನೂ ಕೊಡಲ್ಲ.